ಊಟಕ್ಕೆ ಕೂತರೆ ನಾಯಿ ಮರಿ ತಾಟಿಗೇ ಬಾಯಿ ಹಾಕುತ್ತದೆ, ಏನು ಮಾಡಲಿ?

ಬ್ರಹ್ಮಪುರದಾಕಿ:

ನಮಸ್ಕಾರ ಎಲ್ಲರಿಗೂ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ನಮ್ಮನೆಯವರು ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಕೆಲಸ ಮಾಡುತ್ತಾರೆ. ಒಂದು ತಿಂಗಳ ಹಿಂದೆ ತೊಗರಿ ಚೀಲಗಳ ಸಂದಿಯಲ್ಲಿ ಒಂದು ಮರಿ ಕುಂಯ್ ಅಂತಿತ್ತಂತೆ, ಟವೆಲ್‌ನಲ್ಲಿ ಸುತ್ತಿ ತಂದುಬಿಟ್ಟರು. ಬೀದಿ ನಾಯಿ ಮರಿಯೇ. ಡಾಕ್ಟರ್ ಹಲ್ಲು ನೋಡಿ ಈಗ ಎರಡೂವರೆ ತಿಂಗಳು ಆಗಿರಬಹುದು ಅಂದರು. ಹುರಿದ ಶೇಂಗಾದ ಬಣ್ಣ ಇದೆ ಅಂತ ಮಗಳು ‘ಶೇಂಗಾ’ ಅಂತಲೇ ಹೆಸರಿಟ್ಟಿದ್ದಾಳೆ.

ಬಾಕಿ ಎಲ್ಲ ಚೆನ್ನಾಗಿದೆ. ಊಟದ ಹೊತ್ತು ಮಾತ್ರ ಯುದ್ಧ. ನಾವು ನೆಲದ ಪರಸಿ ಕಲ್ಲಿನ ಮೇಲೆ ಸಾಲಾಗಿ ಕೂತು ಉಣ್ಣುವವರು, ಟೇಬಲ್ ಇಲ್ಲ. ಅಂದರೆ ನಮ್ಮ ತಾಟೂ ಅದರ ಮೂತಿಯೂ ಒಂದೇ ಎತ್ತರ! ನಿನ್ನೆ ಅತ್ತೆಯವರ ತಾಟಿನಿಂದ ಅರ್ಧ ರೊಟ್ಟಿ ಎಳೆದುಕೊಂಡು ಮಂಚದ ಕೆಳಗೆ ಓಡಿತು. ನೆಲದ ತುಂಬ ಪುಂಡಿಪಲ್ಯ. ಬೈದರೆ ಆಟ ಅಂದುಕೊಳ್ಳುತ್ತದೆ. ಕಟ್ಟಿ ಹಾಕಿದರೆ ಓಣಿ ಮಂದಿ ಬಂದು ವಿಚಾರಿಸುವ ಹಾಗೆ ಅಳುತ್ತದೆ. ಆಗ ಅತ್ತೆ, “ಪಾಪ, ಅದಕ್ಕೂ ಹೊಟ್ಟಿ ಅದ” ಅಂತ ಒಂದು ತುತ್ತು ಎಸೆಯುತ್ತಾರೆ.

ಇನ್ನೊಂದು ವಿಷಯ. ಯಾರೋ ಹೇಳಿದರು ಅಂತ ಅದು ಉಣ್ಣುವಾಗ ಬಟ್ಟಲಲ್ಲಿ ಕೈ ಆಡಿಸುತ್ತಿದ್ದೆ, ನಡುವೆ ಬಟ್ಟಲು ಕಿತ್ತುಕೊಳ್ಳುತ್ತಿದ್ದೆ. ಹಾಗೆ ಮಾಡಿದರೆ ಮುಂದೆ ಗುರುಗುಡುವುದಿಲ್ಲವಂತೆ. ಈಗ ನಾನು ಹತ್ತಿರ ಹೋದರೇ ಗುರ್ ಅನ್ನುತ್ತದೆ, ಗಬಗಬ ನುಂಗುತ್ತದೆ. ಇವತ್ತು ಬೆಳಿಗ್ಗೆ ಮಗಳ ಬೆರಳಿಗೆ ಹಲ್ಲು ತಾಗಿತು. ಸ್ವಲ್ಪ ತರಚಿದೆ, ರಕ್ತ ಬಂದಿಲ್ಲ. ಅರಿಶಿನ ಹಚ್ಚಿದ್ದೇನೆ.

ಇಷ್ಟು ಚಿಕ್ಕ ಮರಿಗೆ ಊಟದ ರೀತಿ ಕಲಿಸೋಕೆ ಆಗುತ್ತಾ? ದೊಡ್ಡದಾದ ಮೇಲೆ ತಾನೇ ಬುದ್ಧಿ ಬರುತ್ತದೆ ಅನ್ನುತ್ತಾರೆ ನಮ್ಮನೆಯವರು.

ಯಾದಗಿರಿ ಸಿಸ್ಟರ್:

ಅಕ್ಕಾ, ಮೊದಲು ಆ ಬೆರಳು. ಅರಿಶಿನ ತೊಳೆಯಿರಿ. ನಲ್ಲಿ ನೀರು ಬಿಟ್ಟು, ಸಾಬೂನು ಹಚ್ಚಿ, ಗಡಿಯಾರ ನೋಡಿ 15 ನಿಮಿಷ ತೊಳೆಯಬೇಕು. ಇವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಬರದೆ ತರಚಿದರೂ ರೇಬಿಸ್ ಲಸಿಕೆ ಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುತ್ತಾರೆ. ಒಂದು ಹಾಕಿಸಿ ಸುಮ್ನಾಗಬೇಡಿ, ಬರೆದುಕೊಟ್ಟ ಎಲ್ಲ ದಿನಕ್ಕೂ ಹೋಗಿ. ಮರಿಗೆ ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಹಾಕುವುದು. ಅಂದರೆ ನಿಮ್ಮ ಮರಿಗೆ ಇನ್ನೂ ಆಗಿಲ್ಲ. ಮನೆಯದೇ ಮರಿ, ಏನಾಗುತ್ತದೆ ಅಂತ ಬಿಡಬೇಡಿ. ವಾರ್ಡಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಬೀದರ್ ಮಾಸ್ತರ:

ತಂಗಿ, ಮೇಲಿನವರು ಹೇಳಿದ್ದು ಮಾಡಿ ಬಂದು ಆಮೇಲೆ ಇದನ್ನು ಓದಿ. ಅವಸರವಿಲ್ಲ.

ನಾನು ಮಾಸ್ತರಿಕೆ ಮಾಡಿ ರಿಟೈರ್ ಆದವನು. ಐದು ನಾಯಿ ಸಾಕಿದ್ದೇನೆ, ಐದೂ ಬೀದಿಯವೇ. ನೀವು ಬರೆದದ್ದು ಓದಿ ಮೊದಲು ನಗು ಬಂತು. ನಾಯಿಗೆ ಶೇಂಗಾ ಅಂತ ಹೆಸರಿಟ್ಟು, ಊಟಕ್ಕೆ ಕೂತು “ಶೇಂಗಾ ಹಿಂಡಿ ತಾ”, “ಇನ್ನೊಂಚೂರು ಶೇಂಗಾ ಹಿಂಡಿ ಹಾಕು” ಅಂತ ದಿನಕ್ಕೆ ಎಷ್ಟು ಸಲ ಅನ್ನುತ್ತೀರಿ? ನಮ್ಮ ಕಡೆ ಹಿಂಡಿ, ಅಂದರೆ ಚಟ್ನಿಪುಡಿ, ಇಲ್ಲದೆ ರೊಟ್ಟಿ ಇಳಿಯುತ್ತಾ? ಅದು ಕರೆದಾಗ ಬರುತ್ತಿದೆ ತಂಗಿ! ಒಳ್ಳೆ ಗುಣ ಅಲ್ವಾ ಅದು. ಅದರ ಹೆಸರು ಬದಲಿಸಿ, ಇಲ್ಲಾಂದ್ರೆ ಹಿಂಡಿಯ ಹೆಸರು ಬದಲಿಸಿ.

ಬಟ್ಟಲಲ್ಲಿ ಕೈ ಹಾಕುವುದು ಇವತ್ತೇ ನಿಲ್ಲಿಸಿ. ಕೈ ಬಂದರೆ ಊಟ ಹೋಗುತ್ತದೆ ಅಂತ ನೀವೇ ಕಲಿಸಿದ್ದೀರಿ. ಈಗ ಉಲ್ಟಾ ಕಲಿಸಬೇಕು. ಅದು ಉಣ್ಣುವಾಗ, ಗುರುಗುಡದಷ್ಟು ದೂರದಲ್ಲಿ, ಸುಮ್ನೆ ಹಾದು ಹೋಗಿ. ಹೋಗುತ್ತಾ ಬಟ್ಟಲಲ್ಲಿ ಇರುವುದಕ್ಕಿಂತ ರುಚಿಯಾದದ್ದು ಒಂದು ಚೂರು ಅದರ ಕಡೆ ಎಸೆಯಿರಿ. ಬೇಯಿಸಿದ ಮೊಟ್ಟೆ ಆಗಬಹುದು, ಎಲುಬು ತೆಗೆದ ಕೋಳಿ ಆಗಬಹುದು. ನಿಲ್ಲಬೇಡಿ, ಬಗ್ಗಬೇಡಿ, ಮುದ್ದು ಮಾಡಬೇಡಿ. ಕೆಲವು ದಿನ ಕಳೆದರೆ ನಿಮ್ಮನ್ನು ಕಂಡು ತಲೆ ಎತ್ತಿ ಬಾಲ ಆಡಿಸುತ್ತದೆ. ಆಗ ಒಂದು ಹೆಜ್ಜೆ ಹತ್ತಿರ. ಅಷ್ಟು ದಿನ ಮಗಳನ್ನು ಬಟ್ಟಲ ಹತ್ತಿರ ಬಿಡಬೇಡಿ.

ಗುರ್ ಅಂದಿದ್ದಕ್ಕೆ ಹೊಡೆಯಬೇಡಿ. ‘ನನಗೆ ಹೆದರಿಕೆ ಆಗ್ತಿದೆ’ ಅಂತ ಅದು ಹೇಳುವುದೇ ಹಾಗೆ. ಹೊಡೆದು ಬಾಯಿ ಮುಚ್ಚಿಸಿದರೆ ಹೇಳದೇ ಕೇಳದೇ ಕಚ್ಚುತ್ತದೆ. ನನ್ನ ಎರಡನೇ ನಾಯಿ ಹಾಗೇ ಆಯಿತು. ನಾನೇ ಕೆಡಿಸಿದ್ದು.

ಇನ್ನು ತಾಟಿನ ವಿಷಯ. ಒಂದು ಮುಷ್ಟಿಯಲ್ಲಿ ರೊಟ್ಟಿ ಚೂರು ಮುಚ್ಚಿಟ್ಟುಕೊಂಡು ಅದರ ಮೂತಿ ಮುಂದೆ ಹಿಡಿಯಿರಿ. ನೆಕ್ಕುತ್ತದೆ, ಕೆರೆಯುತ್ತದೆ, ಮೂಗು ತೂರಿಸುತ್ತದೆ. ಕೈಗೆ ಹಳೇ ಟವೆಲ್ ಸುತ್ತಿಕೊಳ್ಳಿ, ಮರಿ ಹಲ್ಲು ಸೂಜಿ ಇದ್ದ ಹಾಗೆ. ನೀವು ಮಾತಾಡಬೇಡಿ. ಬೇಸರವಾಗಿ ಒಂದು ಕ್ಷಣ ಮುಖ ಹಿಂದೆ ತೆಗೆಯುತ್ತದೆ ನೋಡಿ, ಆ ಕ್ಷಣಕ್ಕೆ “ಹಾಂ” ಅಂದು ಇನ್ನೊಂದು ಕೈಯಿಂದ ಕೊಡಿ. ಚೂರು ತೊಗರಿ ಕಾಳಿನಷ್ಟಿದ್ದರೆ ಸಾಕು. ಎರಡು ನಿಮಿಷ, ದಿನಕ್ಕೆ ಮೂರು ಸಲ. ಮುಷ್ಟಿ ಕಂಡ ಕೂಡಲೇ ಹಿಂದೆ ಸರಿಯೋಕೆ ಶುರು ಮಾಡಿದ ಮೇಲೆ “ಬಿಡು” ಅನ್ನುವ ಮಾತು ಸೇರಿಸಿ. “ಬ್ಯಾಡ” ಅನ್ನಬೇಡಿ. ಅದನ್ನು ಮನೆಯಲ್ಲಿ ದಿನಕ್ಕೆ ನಲವತ್ತು ಸಲ ಅನ್ನುತ್ತೀರಿ, ಅದಕ್ಕೆ ಬೆಲೆ ಉಳಿದಿಲ್ಲ.

ಬಟ್ಟಲು ಕೊಡುವಾಗಲೂ ಇದೇ ಲೆಕ್ಕ. ಕೆಳಗಿಳಿಸುತ್ತಾ ಬನ್ನಿ, ನೆಗೆದರೆ ಮೇಲೆತ್ತಿ, ಕುಂಡಿ ನೆಲಕ್ಕೆ ಹತ್ತಿದರೆ ಇಡಿ. ಈಗಿರುವ ನಾಯಿಗೆ ಮೊದಲ ದಿನ ಹದಿನೆಂಟು ಸಲ ಎತ್ತಿ ಇಳಿಸಿದ್ದೆ, ಸೊಂಟ ಹಿಡಿದುಕೊಂಡಿತ್ತು.

ಒಂದು ಹಳೇ ಕೌದಿ ತುಂಡು ಗೋಡೆ ಹತ್ತಿರ ಹಾಸಿ. ನೀವು ಉಣ್ಣುವ ಹೊತ್ತಿಗೆ ಅದರ ಜಾಗ ಅದು. ಕೌದಿ ಮೇಲೆ ಇರುವಾಗಲೇ, ಅಳೋಕೆ ಮುಂಚೆಯೇ, ಅದರ ಪಾಲಿನ ಚೂರು ಅಲ್ಲಿಗೇ ಬೀಳಬೇಕು. ಎದ್ದು ಬಂದರೆ ಏನೂ ಇಲ್ಲ. ಎಸೆಯುವ ಕೆಲಸ ನಿಮ್ಮ ಅತ್ತೆಯವರಿಗೇ ಕೊಡಿ. ಅವರು ಹೇಗೂ ಕೊಡದೆ ಇರುವುದಿಲ್ಲ, ಕೌದಿ ಮೇಲೇ ಕೊಡಲಿ. ಚೂರು ಮಾತ್ರ ಅವರ ತಾಟಿನದ್ದಲ್ಲ, ಪಕ್ಕದ ವಾಟಗಾದಲ್ಲಿ (ಚಿಕ್ಕ ಬಟ್ಟಲಲ್ಲಿ) ಬೇರೆ ಇಟ್ಟದ್ದು.

ಸೇಡಂ ರೋಡ್:

ಸರ್ ಹೇಳಿದ್ದು ಸರಿ ಇರಬಹುದು. ಆದರೆ ಮಾಲೀಕ ಉಂಡ ಮೇಲೆ ನಾಯಿ ಉಣ್ಣಬೇಕು, ಇಲ್ಲದಿದ್ದರೆ ತಾನೇ ಯಜಮಾನ ಅಂದುಕೊಳ್ಳುತ್ತದೆ ಅಂತ ಕೇಳಿದ್ದೇನಲ್ಲ?

ಬೀದರ್ ಮಾಸ್ತರ:

ಎರಡೂವರೆ ತಿಂಗಳ ಮರಿಗೆ ಯಜಮಾನಿಕೆ ಎಲ್ಲಿಂದ ಬರಬೇಕು ಸರ್. ಅದಕ್ಕೆ ಈಗ ದಿನಕ್ಕೆ ನಾಲ್ಕು ಸಲ ಊಟ ಬೇಕು. ನಿಮಗಿಂತ ಅರ್ಧ ಗಂಟೆ ಮೊದಲೇ ಹಾಕಿಬಿಡಿ. ಹೊಟ್ಟೆ ತುಂಬಿದ ಮರಿ ಕೌದಿ ಮೇಲೆ ಕೂರೋದು ಸುಲಭ.

ಇನ್ನೊಂದು ಮರೆತಿದ್ದೆ. ಕಸಿದು ತಿಂದರೆ ಬರೀ ಶಿಸ್ತಿನ ಪ್ರಶ್ನೆ ಅಲ್ಲ. ಉಳ್ಳಾಗಡ್ಡಿ (ಈರುಳ್ಳಿ), ಬಳ್ಳೊಳ್ಳಿ (ಬೆಳ್ಳುಳ್ಳಿ) ಎರಡೂ ನಾಯಿಯ ರಕ್ತ ಕೆಡಿಸುತ್ತವೆ. ನಮ್ಮ ಹಿಂಡಿಯಲ್ಲಿ ಬಳ್ಳೊಳ್ಳಿ, ಪಲ್ಯದಲ್ಲಿ ಎರಡೂ. ಶಿರಾದಲ್ಲಿ ಹಾಕುವ ಒಣ ದ್ರಾಕ್ಷಿ ಕಿಡ್ನಿಗೆ ಕೆಟ್ಟದ್ದು. ಬೇಯಿಸಿದ ಕೋಳಿ ಎಲುಬು ಸೀಳಿ ಗಂಟಲಿಗೆ ಚುಚ್ಚುತ್ತದೆ. ಬರೀ ಜೋಳದ ರೊಟ್ಟಿ ಚೂರಿಗೆ ತೊಂದರೆ ಇಲ್ಲ.

ಬ್ರಹ್ಮಪುರದಾಕಿ:

ಹನ್ನೆರಡು ದಿನ ಆಯಿತು, ಹೇಳಿಬಿಡುತ್ತೇನೆ. ಮಗಳಿಗೆ ಅವತ್ತೇ ಲಸಿಕೆ ಶುರು ಮಾಡಿಸಿದೆವು ಸಿಸ್ಟರ್. ಎರಡನೆಯದು, ಮೂರನೆಯದು ಆಗಿವೆ, ಇನ್ನೊಂದು ಬಾಕಿ.

ಮುಷ್ಟಿ ಆಟ ಮೂರನೇ ದಿನಕ್ಕೆ ಬಂತು. ಗುರುಗುಡುವುದು ನನ್ನ ಹತ್ತಿರ ಕಡಿಮೆಯಾಗಿದೆ, ನಮ್ಮನೆಯವರು ಹೋದರೆ ಇನ್ನೂ ಇದೆ. ಮೊಟ್ಟೆ ಎಸೆಯುವುದು ಯಾವಾಗಲೂ ನಾನೇ, ಅದಕ್ಕೇ ಇರಬೇಕು. ನಾಳೆಯಿಂದ ಅವರ ಕೈಗೂ ಕೊಡುತ್ತೇನೆ.

ಕೌದಿ ಮಾತ್ರ ಮೊದಲು ನಡೆಯಲಿಲ್ಲ. ಈ ಬಿಸಿಲಲ್ಲಿ ಅದರ ಮೇಲೆ ಯಾರು ಮಲಗುತ್ತಾರೆ? ತಣ್ಣಗಿನ ಪರಸಿ ಬಿಟ್ಟು ಬರಲೇ ಇಲ್ಲ. ಅತ್ತೆಯವರೇ ಗೋಣಿಚೀಲ ಒದ್ದೆ ಮಾಡಿ, ನೀರು ಹಿಂಡಿ ತೆಗೆದು ಹಾಸಿದರು. ಈಗ ತಾಟಿನ ಸಪ್ಪಳ ಕೇಳಿದರೆ ಅದೇ ಹೋಗಿ ಗೋಣಿ ಮೇಲೆ ಕೂರುತ್ತದೆ. ಜೊಲ್ಲು ಸುರಿಸುತ್ತದೆ, ಆದರೆ ಕೂರುತ್ತದೆ. ಅತ್ತೆ ವಾಟಗಾ ಇಟ್ಟುಕೊಂಡು, “ತಡಿ, ತಡಿ” ಅಂತ ಸರಿಯಾಗಿ ಲೆಕ್ಕ ಹಾಕಿ ಎಸೆಯುತ್ತಾರೆ. ನಿನ್ನೆ ನಾನು ತಾಟಿನಿಂದ ಒಂದು ಚೂರು ಕೊಡಲು ಹೋಗಿ ಅವರ ಹತ್ತಿರ ಬೈಸಿಕೊಂಡೆ.

ಹೆಸರು ಬದಲಿಸಲು ಮಗಳು ಒಪ್ಪಲಿಲ್ಲ. ಹಾಗಾಗಿ ಶೇಂಗಾ ಹಿಂಡಿಗೆ ಈಗ ನಮ್ಮನೆಯಲ್ಲಿ ‘ಕೆಂಪಂದು’ ಅನ್ನುತ್ತೇವೆ. ಮೊನ್ನೆ ಬಂದ ನೆಂಟರಿಗೆ ಏನೂ ತಿಳಿಯಲಿಲ್ಲ.

ಮುಂದಿನ ವಾರ ಮರಿಯ ಲಸಿಕೆ ಇದೆ. ಆಟೋದಲ್ಲಿ ನಾಯಿ ಹತ್ತಿಸಿಕೊಳ್ಳುತ್ತಾರಾ?

ಸೇಡಂ ರೋಡ್:

ಆ ಗೋಣಿಚೀಲವನ್ನೇ ಕಾಲ ಕೆಳಗೆ ಹಾಸಿ ಅಕ್ಕಾ, ಹತ್ತಿಸಿಕೊಳ್ಳುತ್ತಾರೆ. ಹೊರಡುವ ಮುಂಚೆ ಹೊಟ್ಟೆ ತುಂಬ ಹಾಕಬೇಡಿ, ನಮ್ಮದು ಆಟೋದಲ್ಲೇ ವಾಂತಿ ಮಾಡಿತ್ತು.