ಕ್ರೈಫೋನೆಕ್ಟ್ರಿಯಾ ಶಿಲೀಂಧ್ರದ ಜೀನೋಮ್ ಅಸೆಂಬ್ಲಿ 50 ಎಂಬಿ (ಮೆಗಾಬೇಸ್) ಬರ್ತಿದೆ, 44 ಇರಬೇಕಿತ್ತಲ್ಲ?

ಹೈಫಾ_ಹರಿ: ಚೆಸ್ಟ್‌ನಟ್ ಮರದ ಕ್ಯಾಂಕರ್ ಗಾಯದಿಂದ ಬೆಳೆಸಿದ ಐಸೊಲೇಟ್, ನ್ಯಾನೋಪೋರ್ ಆರ್10.4.1 (ಡಿಎನ್‌ಎ ಎಳೆ ಸಣ್ಣ ರಂಧ್ರ, ಅಂದರೆ ಪೋರ್, ಹಾಯುವಾಗ ಓದುವ ಸೀಕ್ವೆನ್ಸಿಂಗ್), ತುಣುಕು ಜೋಡಿಸಲು ಫ್ಲೈ ತಂತ್ರಾಂಶ. ಮೂರು ಸಲ ಓಡಿಸಿದರೂ 50.3 ಎಂಬಿ. ಇಪಿ155 ತಳಿಯ ರೆಫರೆನ್ಸ್ ಜೀನೋಮ್ ಸುಮಾರು 44. ಸಾಲದ್ದಕ್ಕೆ ಆರು ಗಂಟೆಯಲ್ಲೇ ಅರ್ಧ ಪೋರ್ ಸತ್ತವು. ತಲೆ ಕೆಟ್ಟುಹೋಗಿದೆ.

ಸಿಟ್ಯಾಬ್_ಭಕ್ತ: 260/230 (ಡಿಎನ್‌ಎ ಶುದ್ಧತೆಯ ಅಳತೆ, ಕಮ್ಮಿ ಇದ್ದರೆ ಕೊಳೆ) ಹೇಳದೆ ಕೇಳಿದರೆ ಹೇಗೆ? ಪಾಲಿಸ್ಯಾಕರೈಡ್ (ಸಕ್ಕರೆಯ ಲೋಳೆ), ಅನುಮಾನವೇ ಬೇಡ.

ಹೈಫಾ_ಹರಿ: 1.1. ಡಿಎನ್‌ಎ ಪ್ರಮಾಣ ನ್ಯಾನೋಡ್ರಾಪ್‌ನಲ್ಲಿ (ಆರ್‌ಎನ್‌ಎಯನ್ನೂ ಸೇರಿಸಿ ಅಳೆಯೋದು) 160, ಕ್ಯೂಬಿಟ್‌ನಲ್ಲಿ (ಡಿಎನ್‌ಎ ಮಾತ್ರ ಅಳೆಯೋದು) 38.

ಸಿಟ್ಯಾಬ್_ಭಕ್ತ: ನೋಡಿದ್ರಾ! ಆರ್‌ಎನ್‌ಎ ಕೂಡ ಉಳಿದಿದೆ. ಕಿತ್ತಳೆ ಬಣ್ಣ ಕಟ್ಟುವ ಮೊದಲೇ, ನಾಲ್ಕನೇ ದಿನಕ್ಕೆ, ಸೆಲೋಫೇನ್ ಮೇಲಿಂದ ಕೆರೆದುಕೊಳ್ಳಿ. 2% ಸಿಟ್ಯಾಬ್ (ಕೋಶ ಒಡೆದು ಡಿಎನ್‌ಎಯಿಂದ ಸಕ್ಕರೆ ಬೇರ್ಪಡಿಸುವ ಡಿಟರ್ಜೆಂಟ್), 1.4 ಮೋಲಾರ್ ಉಪ್ಪು, 1% ಪಿವಿಪಿ (ಫೀನಾಲ್ ಹಿಡಿದಿಡೋದು), 65 ಡಿಗ್ರಿಯಲ್ಲಿ 30 ನಿಮಿಷ. ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ಮರೀಬೇಡಿ, ಕ್ಲೋರೋಫಾರ್ಮ್ ಎರಡು ಸಲ. ಆಲ್ಕೋಹಾಲ್ ಹಾಕಿದಾಗ ಗಂಜಿಯಂಥ ಲೋಳೆ ಕಂಡರೆ ಅದು ಡಿಎನ್‌ಎ ಅಲ್ಲ, ಸಕ್ಕರೆ.

ಮಣಿಸರ: ಅಷ್ಟೆಲ್ಲ ಯಾಕೆ, ಬೀಡ್ (ಡಿಎನ್‌ಎ ಹಿಡಿಯೋ ಕಾಂತೀಯ ಮಣಿ) ಕ್ಲೀನಪ್ ಸಾಕು.

ಸಿಟ್ಯಾಬ್_ಭಕ್ತ: ಲೋಳೆಯಲ್ಲಿ ಬೀಡ್ ಮುದ್ದೆ ಕಟ್ಟುತ್ತೆ ಸ್ವಾಮಿ, ಡಿಎನ್‌ಎ ಬಿಟ್ಟುಕೊಡಲ್ಲ.

ಜಿಪಿಯು_ಗುರು: ಡೊರಾಡೊ ಸೂಪ್ ಮಾಡೆಲ್‌ನಲ್ಲಿ ಮತ್ತೆ ಬೇಸ್‌ಕಾಲ್ ಮಾಡಿ (ಸಿಗ್ನಲ್‌ನಿಂದ ಅಕ್ಷರ ಓದಿಸಿ). ನನ್ನ ಹತ್ರ ಎರಡು 4090 ಜಿಪಿಯು ಇವೆ, ರಾತ್ರಿ ಬಿಟ್ಟರೆ ಬೆಳಗ್ಗೆ ರೆಡಿ.

ಮಣಿಸರ: ಕೇಳಿದ್ದು ಯಾರು?

ಒಂಟಿ_ಬೀಜಾಣು: ಸಕ್ಕರೆ ಪೋರ್ ಕೊಲ್ಲಬಹುದು, ಜೀನೋಮ್ ಉಬ್ಬಿಸಲ್ಲ. ಎರಡೂ ಬೇರೆ ಬೇರೆ ಕಾಯಿಲೆ. ಬಸ್ಕೊ ಡೂಪ್ಲಿಕೇಟ್ (ಒಂದೇ ಪ್ರತಿ ಇರಬೇಕಾದ ಜೀನ್ ಎರಡೆರಡು ಸಲ ಸಿಕ್ಕಿದ್ದು) ಎಷ್ಟು? ಕಾಂಟಿಗ್‌ವಾರು (ಜೋಡಿಸಿ ಬಂದ ಪ್ರತಿ ತುಂಡಿಗೂ) ಕವರೇಜ್ (ಎಷ್ಟು ಸಲ ಓದಿದೆ), ಜಿಸಿ (ಜಿ, ಸಿ ಅಕ್ಷರಗಳ ಪಾಲು) ಹಾಕಿ.

ಹೈಫಾ_ಹರಿ: ಡೂಪ್ಲಿಕೇಟ್ 0.3%. ಕಾಂಟಿಗ್ 17 ಮಾತ್ರ ವಿಚಿತ್ರ: 6.4 ಎಂಬಿ, ವೃತ್ತಾಕಾರ, ಕವರೇಜ್ 210, ಜಿಸಿ 63%. ಉಳಿದವು 45 ಕವರೇಜ್, ಜಿಸಿ 51%.

ಒಂಟಿ_ಬೀಜಾಣು: ಎರಡು ಶಿಲೀಂಧ್ರ ಬೆರೆತಿದ್ದರೆ ಡೂಪ್ಲಿಕೇಟ್ ಏರುತ್ತಿತ್ತು. ಇದು ಬ್ಯಾಕ್ಟೀರಿಯಾ. ಲೆಕ್ಕ ಹಾಕಿ, ಡೇಟಾದಲ್ಲಿ ನೂರಕ್ಕೆ 40 ಪಾಲು ಅದೇ ನುಂಗಿದೆ. ಕಲ್ಚರ್ ಎಲ್ಲಿಂದ?

ಹೈಫಾ_ಹರಿ: ತೊಗಟೆ ಚೂರಿನಿಂದ ನೇರ ಪಿಡಿಎಗೆ (ಆಲೂಗಡ್ಡೆ ಅಗರ್ ತಟ್ಟೆ). ಅದನ್ನೂ ಹೇಳಬೇಕಿತ್ತಾ?

ಒಂಟಿ_ಬೀಜಾಣು: ಅದನ್ನೇ ಮೊದಲು ಹೇಳಬೇಕಿತ್ತು! ಹೈಫಾ (ಶಿಲೀಂಧ್ರದ ಎಳೆ) ನಡುವೆ ಸೇರಿಕೊಂಡಿದ್ದರೆ ತಟ್ಟೆಯಲ್ಲಿ ಕಣ್ಣಿಗೆ ಬೀಳಲ್ಲ. ಈಗಿನ ಡೇಟಾಗೆ: ಮಿನಿಮ್ಯಾಪ್2ನಲ್ಲಿ ರೀಡ್‌ಗಳನ್ನು (ಓದಿದ ತುಣುಕು) ಎಲ್ಲ ಕಾಂಟಿಗ್‌ಗಳಿಗೂ ಒಟ್ಟಿಗೇ ಮ್ಯಾಪ್ ಮಾಡಿ, 17ಕ್ಕೆ ಕೂತ ರೀಡ್ ತೆಗೆದು ಮತ್ತೆ ಫ್ಲೈ. ವೃತ್ತಾಕಾರ ಅಂತ ಮೈಟೋಕಾಂಡ್ರಿಯಾವನ್ನೂ ಬಿಸಾಡೀರಿ, ಜೋಕೆ. ಮುಂದಿನ ಸಲಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಹಾಕಿದ ವಾಟರ್ ಅಗರ್ ಮೇಲೆ ಕೊನಿಡಿಯಾ (ಬೀಜಾಣು) ತೆಳುವಾಗಿ ಹರಡಿ, ಮೊಳೆತ ಒಂದನ್ನೇ ಎತ್ತಿ.

ಹೈಫಾ_ಹರಿ: 43.9 ಬಂತು!! ಪೋರ್ ಸಾಯೋದಕ್ಕೆ?

ಸಿಟ್ಯಾಬ್_ಭಕ್ತ: 260/230 ಬರೀ 1.1. ಆಗಿಂದ ಅದನ್ನೇ ಹೇಳ್ತಿದ್ದೀನಿ.