ಟಿ-ಯೂನಿಟ್ ಎಣಿಸಲೋ, ನಾಮಪದಗುಚ್ಛ ನೋಡಲೋ? ಮಾಡಿದವರು ಹೇಳಿ

ಕೇಳಿದವರು, ಮೈಸೂರು: ಕನ್ನಡ ಮಾಧ್ಯಮದಿಂದ ಬಂದ ಬಿ.ಎ. ಮೊದಲ ವರ್ಷದವರ ಇಂಗ್ಲಿಷ್ ಪ್ರಬಂಧಗಳಲ್ಲಿ ವಾಕ್ಯರಚನೆಯ ಸಂಕೀರ್ಣತೆ ಅಳೆಯಬೇಕು, ಪಿಎಚ್‌ಡಿಗೆ. ಟಿ-ಯೂನಿಟ್ (ಒಂದು ಮುಖ್ಯವಾಕ್ಯ, ಅದಕ್ಕೆ ಅಂಟಿದ ಉಪವಾಕ್ಯಗಳೂ ಸೇರಿ ಒಂದು ಘಟಕ) ಎಣಿಸಿದರೆ ಸಾಕು ಅಂತಾರೆ ಗೈಡ್. ನೀವೇನು ಮಾಡಿದಿರಿ?

ಧಾರವಾಡ: ನಾ ಕೈಲೇ ಗುರುತು ಹಾಕಿದೆ. ಹಂಟ್ ಅನ್ನೋ ಸಂಶೋಧಕರು 1965ರಾಗ ಟಿ-ಯೂನಿಟ್ ಕಟ್ಟಿದ್ದು ಅಮೆರಿಕದ ಶಾಲಾಮಕ್ಕಳ ಬರಹ ನೋಡಿ. ನಮ್ಮ ಹುಡುಗರದು ಪುಟಗಟ್ಟಲೆ ಪೂರ್ಣವಿರಾಮನ ಇಲ್ರೀ, ಬರೇ ‘ಆ್ಯಂಡ್’. ಎಲ್ಲಿ ಕಡೀಬೇಕು ಅಂತ ಎರಡನೇ ಕೋಡರ್ (ಅವೇ ಪ್ರಬಂಧಕ್ಕ ಬ್ಯಾರೆಯಾಗಿ ಗುರುತು ಹಾಕಾವ್ರು) ಜೋಡಿ ದಿನಾ ಜಗಳ. ಡಿಟಿಪಿ ಪುಟಕ್ಕ 25 ರೂಪಾಯಿ. ಆ ಟೈಪ್ ಮಾಡೋ ಮನುಷ್ಯ ಹುಡುಗರ ಸ್ಪೆಲ್ಲಿಂಗೂ ತಾನ ತಿದ್ದಿಬಿಟ್ಟಿದ್ದ. ಮತ್ತೊಮ್ಮೆ ಟೈಪು, ಮತ್ತ ರೊಕ್ಕ. ಕೋಡರ್ ಸಂಭಾವನೆ ಬ್ಯಾರೆ. ಇಷ್ಟಾದ ಮ್ಯಾಲೆ ವೈವಾದಾಗ, ‘2011ರ ಬೈಬರ್, ಗ್ರೇ, ಪೂನ್‌ಪನ್ ಲೇಖನ ನೋಡಿಲ್ಲೇನು? ಉಪವಾಕ್ಯ ಹೆಚ್ಚಿರೋದು ಮಾತಿನ ಲಕ್ಷಣ’ ಅಂದ್ರು. ಇನ್ನೂ ಹೊಟ್ಟಿ ಉರೀತದ.

ಮಂಗಳೂರು: ಸಂಶೋಧಕ ಲು (Lu) ಅವರ 2010ರ ಸಾಫ್ಟ್‌ವೇರ್ ಇರುವಾಗ ಕೈಯಲ್ಲಿ ಎಣಿಸುವುದು ಯಾಕೆ? ಪಾರ್ಸರ್ (ವಾಕ್ಯ ಬಿಡಿಸಿ ನೋಡುವ ಪ್ರೋಗ್ರಾಂ) ಓಡಿಸಿ 14 ಅಳತೆ ಕೊಡುತ್ತದೆ. ನಾನು ನೆಚ್ಚಿದ್ದು ನಾಮಪದಗುಚ್ಛದ (ನಾಮಪದ, ಅದನ್ನು ವಿವರಿಸುವ ಪದಗಳು ಸೇರಿ) ಅಳತೆಯನ್ನು. ‘ಐ ಥಿಂಕ್ ದಟ್ ಹಿ ನೋಸ್ ವಾಟ್ ಐ ವಾಂಟ್’ ಇದರಲ್ಲಿ ಎರಡು ಉಪವಾಕ್ಯ. ‘ದ ಶಾರ್ಟೇಜ್ ಆಫ್ ವಾಟರ್ ಇನ್ ಡ್ರೈ ಡಿಸ್ಟ್ರಿಕ್ಟ್ಸ್ ಅಫೆಕ್ಟ್ಸ್ ದ ಇನ್‌ಕಮ್ ಆಫ್ ಸ್ಮಾಲ್ ಫಾರ್ಮರ್ಸ್’ ಇದರಲ್ಲಿ ಒಂದೂ ಇಲ್ಲ, ಇರುವುದು ಉದ್ದುದ್ದ ನಾಮಪದಗುಚ್ಛ. ಉಪವಾಕ್ಯ ಎಣಿಸಿದರೆ ಮಾತಿನ ಧಾಟಿಯ ಮೊದಲನೆಯದೇ ಗೆಲ್ಲುತ್ತದೆ! ಸ್ಪೆಲ್ಲಿಂಗ್, ಪೂರ್ಣವಿರಾಮ ಮಾತ್ರ ಮೊದಲೇ ಸರಿಮಾಡಿಕೊಂಡಿದ್ದೆ.

ಧಾರವಾಡ: ಪೂರ್ಣವಿರಾಮ ನೀವ ಇಟ್ಟ ಮ್ಯಾಲೆ ಅಳದದ್ದು ಯಾರ ಬರವಣಿಗಿ?

ಬೆಂಗಳೂರು: ನಾನು ಉತ್ತರ ಭಾರತದವರಿಗೆ ಕನ್ನಡ ಕಲಿಸ್ತೀನಿ. ಹೊಸಬರು ‘ಮನೆಗೆ ಹೋದೆ. ಊಟ ಮಾಡಿದೆ. ಮಲಗಿದೆ.’ ಅಂತ ಬರೀತಾರೆ. ಪಳಗಿದವರು ‘ಮನೆಗೆ ಹೋಗಿ ಊಟ ಮಾಡಿ ಮಲಗಿದೆ.’ ಪೂರ್ಣ ಕ್ರಿಯಾಪದವನ್ನಷ್ಟೇ ಎಣಿಸಿದ್ರೆ ಎರಡರಲ್ಲೂ ಟಿ-ಯೂನಿಟ್ಟಿಗೆ ಒಂದೊಂದೇ, ಅಂದ್ರೆ ಏನೂ ಕಲಿತಿಲ್ಲ ಅಂತ! ಟಿ-ಯೂನಿಟ್ಟಿನ ಉದ್ದ ನೋಡಿದ್ರೆ ಸರಾಸರಿ ಎರಡು ಪದವೂ ಇಲ್ಲದ್ದು ಐದಕ್ಕೆ ಏರಿದೆ. ಹೋಗಿ, ಮಾಡಿ, ನೋಡಿದ – ಇಂಥ ಅಪೂರ್ಣ ಕ್ರಿಯಾರೂಪಗಳನ್ನ ಬೇರೆಯಾಗಿಯೇ ಎಣಿಸಬೇಕು. ಇದನ್ನ ಒಪ್ಪಿಸೋಕೆ ನಮ್ಮ ವಿಭಾಗದಲ್ಲಿ ಪಟ್ಟ ಪಾಡು ಹೇಳತೀರದು.

ಮಂಗಳೂರು: ಪ್ರಶ್ನೆ ಇಂಗ್ಲಿಷಿನದ್ದು ಮಾರಾಯ್ರೆ.

ಬೆಂಗಳೂರು: ಬರೆಯೋರು ಕನ್ನಡದವರೇ ಅಲ್ವಾ ಸಾರ್? ಅವರ ಭಾಷೆ ವಾಕ್ಯ ಹೆಣೆಯೋ ರೀತಿ ತಿಳೀದೆ ಅವರ ಇಂಗ್ಲಿಷ್ ಏನು ಅಳೀತೀರಿ?

ಮಂಗಳೂರು: ತಿದ್ದದ ಪ್ರತಿ, ತಿದ್ದಿದ ಪ್ರತಿ ಎರಡೂ ನನ್ನ ಥೀಸಿಸ್ ಅನುಬಂಧದಲ್ಲಿ ಉಂಟು. ಓದಿ ಮಾತಾಡಿ.

ಧಾರವಾಡ: ಓದೀನ್ರಿ. ಪ್ರತಿ ಅದಾವು, ತಿದ್ದಲಾರದ ಪ್ರತಿಯ ಅಂಕಿ ಎಲ್ಲಿ? ಎರಡೂ ಓಡಿಸಿ ಎದರಾಬದರಾ ಇಡ್ರಿ, ಆಮ್ಯಾಲೆ ಸಾಫ್ಟ್‌ವೇರ್ ಹೊಗಳೋಣಂತ.