ವ್ಯಾಪಾರಿ ಅರಸನಾದರೆ ಅವನ ಆಳ್ವಿಕೆ ಹೇಗಿರಬೇಕು? ಕಲ್ಪನಾಲೋಕದ ಕಾದಂಬರಿಗೆ ಸಲಹೆ ಬೇಕಿದೆ

ಪ್ರಶ್ನೆ: ತೊರವಿ ದಾರಿಯ ಓದುಗ, ವಿಜಯಪುರ

ಮಾನ್ಯ ಸದಸ್ಯರಿಗೆ ನಮಸ್ಕಾರ. ನಾನು ಬರೆಯುತ್ತಿರುವ ಕಾದಂಬರಿಯ ಲೋಕ ಪೂರ್ತಿಯಾಗಿ ಕಲ್ಪಿತವಾದದ್ದು. ಅಲ್ಲಿನ ದೊಡ್ಡ ನದಿ ವರ್ಷದ ಅರ್ಧ ಕಾಲ ಸಮುದ್ರದ ಕಡೆಗೆ ಹರಿದರೆ ಉಳಿದರ್ಧ ಕಾಲ ಬೆಟ್ಟದ ಕಡೆಗೆ ಹರಿಯುತ್ತದೆ. ನೀರು ತಿರುಗುವ ದಿನ ಪ್ರತಿ ವರ್ಷವೂ ಬದಲಾಗುವುದರಿಂದ, ಅದನ್ನು ಮುಂಚಿತವಾಗಿ ಲೆಕ್ಕ ಹಾಕಿ ಹೇಳಬಲ್ಲವರಿಗೆ ಆ ನಾಡಿನಲ್ಲಿ ಎಲ್ಲಿಲ್ಲದ ಬೆಲೆ. ನದಿಯ ನಡುದಾರಿಯಲ್ಲಿರುವ ಏಳ್ಮಡು ಎಂಬ ಪಟ್ಟಣದ ಬೊಮ್ಮಿಸೆಟ್ಟಿ ಉಪ್ಪು ಮತ್ತು ಕುದುರೆಗಳ ವ್ಯಾಪಾರಿ. ಆ ಲೆಕ್ಕ ಬಲ್ಲವರನ್ನೆಲ್ಲ ಅವನು ಒಬ್ಬೊಬ್ಬರಾಗಿ ತನ್ನ ಸಂಬಳಕ್ಕೆ ಇಟ್ಟುಕೊಂಡು, ಊರಿನ ಉಗ್ರಾಣಗಳನ್ನೂ ದೋಣಿಗಳನ್ನೂ ಕೈವಶ ಮಾಡಿಕೊಂಡು, ಕಡೆಗೆ ಮಕ್ಕಳಿಲ್ಲದೆ ತೀರಿಕೊಂಡ ಅರಸನ ಸಿಂಹಾಸನವನ್ನೇ ಏರಿ ಕೂರುತ್ತಾನೆ.

ತೊಡಕು ಇರುವುದು ಇದರ ನಂತರದ ಭಾಗದಲ್ಲಿ. ಹಸ್ತಪ್ರತಿ ಓದಿದ ಸ್ನೇಹಿತರು, ಇವನು ವ್ಯಾಪಾರಿ ಎಂದು ನೀವು ಬಾಯಿಬಿಟ್ಟು ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ ಎಂದರು. ಪೆಟ್ಟಿಗೆಗಳ ತುಂಬ ಹೊನ್ನು, ಬಾಗಿಲಲ್ಲಿ ಕಾವಲುಗಾರರು, ತಪ್ಪಿದವರಿಗೆ ಶೂಲ, ಇವು ಎಲ್ಲ ದುಷ್ಟ ಅರಸರ ಕಥೆಗಳಲ್ಲಿಯೂ ಇರುವಂಥವೇ. ನಮ್ಮ ವಿಜಯಪುರದಲ್ಲಿ ಅರಸರ ಹೆಬ್ಬಯಕೆಯನ್ನು ಕಲ್ಲಿನಲ್ಲಿಯೇ ಕಾಣಬಹುದು: ಮಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟವಿದೆ, ಅದನ್ನೂ ಮೀರಿಸಬೇಕೆಂದು ಅವನ ಮಗ ಎರಡನೆಯ ಅಲಿ ಆದಿಲ್ ಶಾಹ ಆರಂಭಿಸಿ ಮುಗಿಸಲಾರದೆ ಹೋದ ಬಾರಾಕಮಾನ್ ಇದೆ. ವ್ಯಾಪಾರಿಯ ಹೆಬ್ಬಯಕೆ ಎಲ್ಲಿ, ಯಾವುದರಲ್ಲಿ ಕಾಣಿಸಿಕೊಳ್ಳುತ್ತದೆ? ಸಿಂಹಾಸನ ಸಿಕ್ಕ ಮೇಲೆಯೂ ಅವನಿಗೆ ಇನ್ನೇನು ಬೇಕಾಗಿರುತ್ತದೆ? ಇತಿಹಾಸ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮಲಪ್ರಭೆಯ ದಂಡೆ, ಹುನಗುಂದ

ತಮ್ಮ ನದಿಯ ಕಲ್ಪನೆ ಬಹಳ ಹಿಡಿಸಿತು. ಆದರೆ ಹೊನ್ನಿನ ಪೆಟ್ಟಿಗೆಗಳನ್ನು ಮೊದಲು ಕಥೆಯಿಂದ ಹೊರಗೆ ಹಾಕಿರಿ. ಪಳಗಿದ ವ್ಯಾಪಾರಿ ಹೊನ್ನನ್ನು ಪೆಟ್ಟಿಗೆಯಲ್ಲಿ ಮಲಗಿಸುವುದಿಲ್ಲ. ಅದು ಸದಾ ಬೇರೆಯವರ ಕೈಯಲ್ಲಿದ್ದು, ಅವನ ಕೀರ್ದಿ ಎಂಬ ಲೆಕ್ಕದ ಪುಸ್ತಕದಲ್ಲಿ ಮಾತ್ರ ಬರಹವಾಗಿ ಉಳಿದಿರುತ್ತದೆ. ನಮ್ಮ ಭಾಗದ ಅಡತಿ ಅಂಗಡಿಗಳ ವ್ಯವಹಾರವನ್ನು ತಾವು ಕಂಡೇ ಇರುತ್ತೀರಿ. ಬಿತ್ತನೆಯ ಹೊತ್ತಿಗೆ ಮುಂಗಡ ಪಡೆದ ರೈತ, ರಾಶಿಯಾದ ಮೇಲೆ ಬೇರೆ ಅಂಗಡಿಯಲ್ಲಿ ನಾಲ್ಕು ಕಾಸು ಹೆಚ್ಚು ಸಿಗುವಂತಿದ್ದರೂ ಮುಂಗಡ ಕೊಟ್ಟವರ ಅಂಗಡಿಗೇ ಮಾಲು ತರುತ್ತಾನೆ. ಇಳಕಲ್ಲು, ಗುಳೇದಗುಡ್ಡದ ಕಡೆ ಮಾಲೀಕರು ನೂಲು ಕೊಟ್ಟು, ನೇಯ್ದ ಬಟ್ಟೆಯನ್ನು ತಾವೇ ಪಡೆದು, ನೇಕಾರರಿಗೆ ಮಜೂರಿ ಎಣಿಸುತ್ತಾರೆ. ಮಗ್ಗ ನೇಕಾರನದೇ ಆಗಿದ್ದರೂ ಸೀರೆ ಅವನದಾಗಿರುವುದಿಲ್ಲ. ಇಂಥ ಕಡೆ ಯಾರನ್ನೂ ಕಾವಲುಗಾರರು ತಡೆದು ನಿಲ್ಲಿಸಬೇಕಾಗಿಲ್ಲ. ಏಳ್ಮಡುವಿನಲ್ಲಿಯೂ ದೋಣಿಯವನಿಂದ ಹಿಡಿದು ಕೋಟೆಯ ದಳವಾಯಿಯವರೆಗೆ ಎಲ್ಲರ ಹೆಸರೂ ಬೊಮ್ಮಿಸೆಟ್ಟಿಯ ಖಾತೆಯಲ್ಲಿ ಇರಲಿ, ಸಾಲ ಪೂರ್ತಿ ತೀರಿಸಲು ಬಂದವರನ್ನು ಕಂಡರೆ ಅವನ ಮುಖ ಸಣ್ಣದಾಗಲಿ.

ಎರಡನೆಯ ಮಾತು, ನಮ್ಮ ಐಹೊಳೆಯನ್ನು ನೆನೆದು ಹೇಳುವಂಥದ್ದು. ಅಯ್ಯಾವೊಳೆಯ, ಎಂದರೆ ಐಹೊಳೆಯ, ಐನೂರ್ವರೆಂದು ಹೆಸರಾದ ವರ್ತಕ ಸಂಘದ ಶಾಸನಗಳು ಕರ್ನಾಟಕದಲ್ಲಷ್ಟೇ ಅಲ್ಲದೆ ತಮಿಳುನಾಡು, ಆಂಧ್ರ, ಶ್ರೀಲಂಕೆಗಳಲ್ಲಿಯೂ ದೊರೆತಿವೆ. ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕ 1088ರ ತಮಿಳು ಶಾಸನವೂ ಅವರದೇ. ಅವರಿಗೆ ಬಣಂಜು ಧರ್ಮವೆಂಬ ತಮ್ಮದೇ ವರ್ತಕ ನಿಯಮವಿತ್ತು, ಸರಕು ಕಾಯುವ ಆಯುಧಧಾರಿಗಳಿದ್ದರು, ತಮ್ಮ ಪ್ರಶಸ್ತಿಗಳಲ್ಲಿ ಅರಸರಿಗೆ ಕಡಿಮೆಯಿಲ್ಲದಂತೆ ಕೊಚ್ಚಿಕೊಳ್ಳುವ ಗತ್ತೂ ಇತ್ತು. ಇಷ್ಟೆಲ್ಲ ಇದ್ದೂ ಅವರು ಸಿಂಹಾಸನಕ್ಕೆ ಕೈ ಹಾಕಲಿಲ್ಲ. ನನಗೆ ತೋರುವಂತೆ ಅದು ಹೇಡಿತನವಲ್ಲ, ಲೆಕ್ಕಾಚಾರ. ಚಾಲುಕ್ಯ, ಚೋಳ ಅರಸರು ಪರಸ್ಪರ ಹೊಡೆದಾಡುತ್ತಿದ್ದಾಗಲೂ ಇಬ್ಬರ ನಾಡಿನಲ್ಲಿಯೂ ಸಂಘದ ಹೆಸರು ನಡೆಯುತ್ತಿತ್ತು. ಒಂದು ಊರಿಗೆ ಅರಸನಾದವನು ಮತ್ತೊಂದು ಊರಿಗೆ ಶತ್ರುವಾಗುತ್ತಾನೆ, ಶತ್ರು ಬರೆದುಕೊಟ್ಟ ಹುಂಡಿಯನ್ನು, ಎಂದರೆ ಹಣ ಕೊಡಿಸುವ ಚೀಟಿಯನ್ನು, ಯಾರು ನಗದು ಮಾಡಿಕೊಟ್ಟಾರು?

ಆದ್ದರಿಂದ ಬೊಮ್ಮಿಸೆಟ್ಟಿಗೆ ಪಟ್ಟವಾದ ಮರುದಿನವೇ ನಷ್ಟ ಶುರುವಾಗಬೇಕು. ನಿನ್ನೆಯವರೆಗೆ ಅವನೊಂದಿಗೆ ಬೆಲೆಗಾಗಿ ಚೌಕಾಸಿ ಮಾಡುತ್ತಿದ್ದ ಹೊರಊರಿನ ವ್ಯಾಪಾರಿ ಇಂದು ತಲೆಬಾಗಿ ಕೈಮುಗಿದು ನಿಲ್ಲುತ್ತಾನೆ, ಮನಸ್ಸಿನಲ್ಲಿ ಮಾತ್ರ ಮುಂದಿನ ಸಲ ಸರಕನ್ನು ಬೇರೆ ದಾರಿಯಲ್ಲಿ ಸಾಗಿಸಬೇಕೆಂದು ಲೆಕ್ಕ ಹಾಕುತ್ತಿರುತ್ತಾನೆ. ತಕ್ಕಡಿಯೂ ಅರಸನದೇ, ತಕ್ಕಡಿಯ ಮೇಲಿನ ದೂರು ಕೇಳುವ ನ್ಯಾಯಪೀಠವೂ ಅರಸನದೇ ಎಂದಾದರೆ ಪೇಟೆಗೆ ಯಾರೂ ಬರುವುದಿಲ್ಲ.

ಅವನ ಕ್ರೌರ್ಯ ಹೇಗಿರಬೇಕೆಂಬುದಕ್ಕೂ ಒಂದು ನಿಜವಾದ ಮಾದರಿಯಿದೆ. 1765ರಲ್ಲಿ ಬಂಗಾಳದ ದಿವಾನಿ, ಎಂದರೆ ಕಂದಾಯ ವಸೂಲಿಯ, ಹಕ್ಕು ಪಡೆದ ಈಸ್ಟ್ ಇಂಡಿಯಾ ಕಂಪನಿ, ಅದುವರೆಗೆ ಹಡಗಿನಲ್ಲಿ ಬೆಳ್ಳಿ ತಂದು ಬಟ್ಟೆ ಕೊಳ್ಳುತ್ತಿದ್ದದ್ದು, ಆ ಮೇಲೆ ಅಲ್ಲಿಯ ಜನರಿಂದ ವಸೂಲು ಮಾಡಿದ ಕಂದಾಯದಿಂದಲೇ ಅದೇ ಜನರ ಬಟ್ಟೆಯನ್ನು ಕೊಳ್ಳತೊಡಗಿತು. ಶೂಲಕ್ಕಿಂತ ಇದು ಹೆಚ್ಚು ಭಯಂಕರ ಎಂದು ನನ್ನ ಅಭಿಪ್ರಾಯ.

ಉತ್ತರ 2: ಶಹಾಪುರ ಪೇಟೆ, ಬೆಳಗಾವಿ

ಹುನಗುಂದದವರ ಮಾತಿಗೆ ಬಹುಮಟ್ಟಿಗೆ ನನ್ನ ಒಪ್ಪಿಗೆಯಿದೆ. ವರ್ತಕರು ಅಧಿಕಾರವನ್ನು ಮುಟ್ಟದೆಯೇ ಊರಿನಲ್ಲಿ ತೂಕ ಪಡೆಯುತ್ತಿದ್ದುದಕ್ಕೆ ನಮ್ಮ ಬೆಳಗಾವಿಯಲ್ಲಿಯೂ ಸಾಕ್ಷಿಯಿದೆ. ರಟ್ಟ ಮನೆತನದ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ 1204ರ ಶಾಸನದಂತೆ, ವೇಣುಗ್ರಾಮದಲ್ಲಿ, ಎಂದರೆ ಅಂದಿನ ಬೆಳಗಾವಿಯಲ್ಲಿ, ನೆರೆದಿದ್ದ ವರ್ತಕರು, ಅವರಲ್ಲಿ ಲಾಟ ದೇಶದವರೂ (ಗುಜರಾತಿನ ಕಡೆಯವರು) ಮಲೆಯಾಳರೂ ಇದ್ದರು, ತಮ್ಮ ಸರಕುಗಳ ಮೇಲೆ ತಾವೇ ಸುಂಕ ಗೊತ್ತುಮಾಡಿಕೊಂಡು ಬಸದಿಗೆ ಬಿಟ್ಟುಕೊಟ್ಟರು.

ಆದರೆ ವ್ಯಾಪಾರಿ ಅಧಿಕಾರಕ್ಕೆ ಕೈ ಹಾಕಿದರೆ ಏನಾದೀತೆಂದು ತಿಳಿಯಲು ಬಂಗಾಳದವರೆಗೆ ಹೋಗಬೇಕಾಗಿಲ್ಲ, ನಮ್ಮ ಕೋಟೆಯನ್ನು ಗೆದ್ದವನ ಕಥೆಯೇ ಸಾಕು. ಮಹಮೂದ್ ಗವಾನ ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಕ್ಕೆಂದು ಕಡಲು ದಾಟಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು, ಬೀದರಿಗೆ ಬಂದು, ಬಹಮನಿ ದರ್ಬಾರಿನಲ್ಲಿ ಮಲಿಕ್-ಉತ್-ತುಜ್ಜಾರ್, ಎಂದರೆ ವರ್ತಕರ ಒಡೆಯ, ಎಂಬ ಬಿರುದು ಪಡೆದು, ಕಡೆಗೆ ಇಡೀ ರಾಜ್ಯವನ್ನೇ ನಡೆಸುವ ಮಂತ್ರಿಯಾದವನು. 1472ರಲ್ಲಿ ಗೋವೆ ಅವನ ಕೈಸೇರಿತು. ಆ ಬಂದರನ್ನು ಹಿಂದಕ್ಕೆ ಪಡೆಯಲು ಬೆಳಗಾವಿಯ ಅರಸನು ವಿಜಯನಗರದ ಪರವಾಗಿ ಹೊರಟಾಗ, ಸುಲ್ತಾನನೂ ಗವಾನನೂ ಬಂದು ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದರು. ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ಸಿಡಿಸಿ ಕೋಟೆಯನ್ನು ಒಡೆದರೆಂದು ಫೆರಿಷ್ತಾ ಬರೆದಿದ್ದಾನೆ. ಆ ಫೆರಿಷ್ತಾ ತನ್ನ ಇತಿಹಾಸವನ್ನು ಬರೆದದ್ದು ಪ್ರಶ್ನೆ ಕೇಳಿದವರ ಊರಾದ ವಿಜಯಪುರದಲ್ಲಿಯೇ, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ. ಈ ಯುದ್ಧವನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿರಿ: ಕುದುರೆ ಇಳಿಯುವ ಬಂದರು ತನ್ನದಾದರೆ ಸಾಲದು, ಘಟ್ಟ ಹತ್ತಿ ಒಳನಾಡಿಗೆ ಬರುವ ದಾರಿಯೂ ತನ್ನದಾಗಿರಬೇಕು. ಬೊಮ್ಮಿಸೆಟ್ಟಿ ಯುದ್ಧ ಮಾಡುವುದಿದ್ದರೆ ಇಂಥ ಕಾರಣಕ್ಕೆ ಮಾಡಲಿ, ಅವಮಾನದ ಸೇಡಿಗಾಗಿ ಬೇಡ.

ಗವಾನನನ್ನು ಕೆಡಿಸಿದ್ದು ಅವನ ದುರಾಸೆಯಲ್ಲ. ರಾಜ್ಯದ ನಾಲ್ಕು ಪ್ರಾಂತಗಳನ್ನು ಎಂಟಾಗಿ ಒಡೆದು, ಪ್ರತಿಯೊಬ್ಬ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿ, ಮಿಕ್ಕವನ್ನು ಸುಲ್ತಾನನ ನೇರ ಹತೋಟಿಗೆ ಒಪ್ಪಿಸಿದ್ದರಿಂದ ಅಮೀರರಿಗೆ ಹೊಟ್ಟೆಯುರಿ ಹತ್ತಿತು. ಅವರು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಹಾಕಿಸಿ, ಒಡಿಶಾದ ಅರಸನಿಗೆ ಬರೆದಂತಿದ್ದ ದ್ರೋಹದ ಪತ್ರವನ್ನು ಆ ಕಾಗದದ ಮೇಲೆ ಸೃಷ್ಟಿಸಿದರು. 1481ರಲ್ಲಿ ಸುಲ್ತಾನನ ಆಜ್ಞೆಯಂತೆ ಅವನ ತಲೆ ಉರುಳಿತು. ಅವನ ಭಂಡಾರವನ್ನು ತೆರೆಸಿದಾಗ ಹೇಳಿಕೊಳ್ಳುವಂಥ ಹಣವೇನೂ ಸಿಗಲಿಲ್ಲವಂತೆ, ಸ್ವಂತ ಖರ್ಚನ್ನು ಅವನು ಕೊನೆಯವರೆಗೂ ವ್ಯಾಪಾರದ ಲಾಭದಿಂದಲೇ ನಡೆಸುತ್ತಿದ್ದನಂತೆ. ಬದುಕಿದ್ದಷ್ಟು ದಿನ ಮುದ್ರೆ ಬಿದ್ದ ಕಾಗದದ ನಂಬಿಕೆಯ ಮೇಲೆ ಬೆಳೆದವನು ಮುದ್ರೆ ಬಿದ್ದ ಕಾಗದದಿಂದಲೇ ಸತ್ತ. ಕಾದಂಬರಿಕಾರರಿಗೆ ಇದಕ್ಕಿಂತ ಹೆಚ್ಚಿನದನ್ನು ಯಾರು ಕೊಡಬಲ್ಲರು?

ಉತ್ತರ 3: ನಿಪ್ಪಾಣಿಯ ಓದುಗ

ಇಬ್ಬರೂ ವ್ಯಾಪಾರಿಯನ್ನು ತುಸು ಹೆಚ್ಚೇ ಜಾಣನನ್ನಾಗಿ ಮಾಡಿದ್ದೀರಿ ಎಂದು ನನಗೆ ಅನಿಸುತ್ತದೆ. ಹೆಬ್ಬಯಕೆ ಹತ್ತಿದವನಿಗೆ ಲೆಕ್ಕ ತಪ್ಪುವುದೂ ಉಂಟು. ಜರ್ಮನಿಯ ಔಗ್ಸ್‌ಬರ್ಗ್ ಪಟ್ಟಣದ ಸಾಹುಕಾರ ಯಾಕೋಬ್ ಫುಗ್ಗರ್ 1519ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯಾಗಿ ಆಯ್ಕೆಯಾಗಲು ಬೇಕಾದ ಹಣದ ದೊಡ್ಡ ಪಾಲನ್ನು ಸಾಲವಾಗಿ ಕೊಟ್ಟನು. 1523ರಲ್ಲಿ, ನನ್ನ ನೆರವಿಲ್ಲದಿದ್ದರೆ ತಮಗೆ ಕಿರೀಟ ದೊರೆಯುತ್ತಿರಲಿಲ್ಲ ಎಂದು ಚಕ್ರವರ್ತಿಗೇ ಪತ್ರ ಬರೆಯುವಷ್ಟು ಧೈರ್ಯ ಅವನಿಗಿತ್ತು. ಆದರೆ 1557ರಲ್ಲಿ, ಆಗ ಚಾರ್ಲ್ಸನ ಮಗನ ಕೈಯಲ್ಲಿದ್ದ ಸ್ಪೇನಿನ ಅರಸೊತ್ತಿಗೆ ಸಾಲ ತೀರಿಸಲಾರೆನೆಂದು ಕೈ ಎತ್ತಿದಾಗ ಪೆಟ್ಟು ಬಿದ್ದದ್ದು ಫುಗ್ಗರ್ ಮನೆತನಕ್ಕೆ. ಫ್ಲಾರೆನ್ಸಿನ ಮೆಡಿಚಿಗಳ ಕಥೆಯೂ ಹೀಗೆಯೇ. 1397ರಲ್ಲಿ ಸ್ಥಾಪನೆಯಾದ ಅವರ ಬ್ಯಾಂಕು 1494ರಲ್ಲಿ ಮುಳುಗಿತು, ಅದೇ ಮನೆತನದವರು 1532ರಲ್ಲಿ ಡ್ಯೂಕರಾದರು. ಅಷ್ಟು ಹೊತ್ತಿಗೆ ಅವರು ವ್ಯಾಪಾರಿಗಳಾಗಿ ಉಳಿದಿರಲಿಲ್ಲ.

ಸಿಂಹಾಸನದ ನಂತರ ಅವನಿಗೆ ಏನು ಬೇಕೆಂಬ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹುಟ್ಟಿನಿಂದಲೇ ದೊಡ್ಡವರಾದವರು ತನ್ನನ್ನು ಸರಿಸಮಾನನೆಂದು ಕಾಣಬೇಕು, ಅವರ ಮನೆಯಿಂದ ತನ್ನ ಮಗನಿಗೆ ಹೆಣ್ಣು ತರಬೇಕು, ಮಗ ತಕ್ಕಡಿ ಹಿಡಿಯದೆ ಬೆಳೆಯಬೇಕು, ಅವನ ಬಯಕೆ ಇದೆಂದು ನನ್ನ ಊಹೆ. ಹಾಗೆ ಬೆಳೆದ ಮಗನಿಗೆ ಅಪ್ಪನ ಕೀರ್ದಿ ಓದಲು ಬರುವುದಿಲ್ಲ.

ಪ್ರಶ್ನೆ ಕೇಳಿದವರು: ತೊರವಿ ದಾರಿಯ ಓದುಗ

ಮೂವರಿಗೂ ಕೃತಜ್ಞತೆಗಳು. ಶೂಲವನ್ನು ಈಗಾಗಲೇ ತೆಗೆದುಹಾಕಿದ್ದೇನೆ. ಮಗನನ್ನು ಹೊಸದಾಗಿ ಸೇರಿಸಬೇಕಾಗಿದೆ. ಇನ್ನೊಂದು ಸಂದೇಹ ಉಳಿದಿದೆ. ಗವಾನನ ಮುದ್ರೆಯ ಜಾಗದಲ್ಲಿ ನನ್ನ ಕಥೆಯಲ್ಲಿ ನದಿಯ ಲೆಕ್ಕವಿದೆ. ಸಂಬಳದ ಲೆಕ್ಕಿಗರಲ್ಲಿ ಒಬ್ಬನು ಶತ್ರುಗಳ ಕಡೆ ಸೇರಿ ನೀರು ತಿರುಗುವ ದಿನವನ್ನು ತಪ್ಪಾಗಿ ಹೇಳಿದರೆ ಬೊಮ್ಮಿಸೆಟ್ಟಿ ಬೀಳುವನೇ, ಅಥವಾ ಇದು ತೀರ ಸುಲಭದ ದಾರಿಯಾಯಿತೇ?

ಉತ್ತರ 4: ಮಲಪ್ರಭೆಯ ದಂಡೆ, ಹುನಗುಂದ

ಸುಲಭದ ದಾರಿಯೇ ಸರಿ. ಒಂದು ವರ್ಷದ ನಷ್ಟವನ್ನು ಅವನಂಥವನು ತಡೆದುಕೊಳ್ಳುತ್ತಾನೆ. ಅದರ ಬದಲು ಲೆಕ್ಕಿಗನು ಸರಿಯಾದ ದಿನವನ್ನೇ ಹೇಳಲಿ, ಆದರೆ ಅರಮನೆಯಲ್ಲಿ ಹೇಳದೆ ಸಂತೆಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಲಿ. ಆಗ ಬೊಮ್ಮಿಸೆಟ್ಟಿಯ ಮುಂದೆ ಎರಡೇ ದಾರಿಗಳಿರುತ್ತವೆ. ಅವನನ್ನು ಸುಳ್ಳನೆಂದು ಸಾರಿದರೆ ನೀರು ತಿರುಗಿದ ದಿನ ಅರಸನೇ ಸುಳ್ಳನಾಗುತ್ತಾನೆ. ಸುಮ್ಮನಿದ್ದರೆ ಎಲ್ಲರ ದೋಣಿಗಳೂ ಒಂದೇ ದಿನ ಹೊರಡುತ್ತವೆ, ಅವನ ಉಗ್ರಾಣಗಳಿಗೆ ಬಾಡಿಗೆ ಹುಟ್ಟುವುದಿಲ್ಲ. ಆ ಸಂತೆಯ ದೃಶ್ಯವನ್ನು ದಯವಿಟ್ಟು ಅವಸರದಲ್ಲಿ ಮುಗಿಸಬೇಡಿರಿ, ದೋಣಿಯವರು ಬೆರಳು ಮಡಚಿ ಲೆಕ್ಕ ಹಾಕುವುದಕ್ಕೆ ಒಂದು ಪುಟವನ್ನಾದರೂ ಕೊಡಿರಿ.